ಉಸಿರಾಡದ ಮೌನ

"ಇದೇ ಡಿಸ್ಕು. ಹಾಕಿ. ಎಲ್ಲರ ಎದುರಿಗೇ ಹಾಕಿ," ಅಂದರು ಕಮಾನು. ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ.

ಕಮಾನು ಅನ್ನುವುದು ನನ್ನ ಸೋದರಮಾವ ಇಟ್ಟ ಅಡ್ಡಹೆಸರು. ಅವರು ಪಿಟೀಲು ಮೇಷ್ಟ್ರ ಹಿರಿಯ ಶಿಷ್ಯ. ಎತ್ತರದ ಆಳು, ಬೆನ್ನು ತುಸು ಬಾಗಿದೆ, ಸಿಟ್ಟು ಬಂದಾಗ ತಂತಿ ಬಿಗಿದ ಹಾಗೆ ಇನ್ನಷ್ಟು ಬಾಗುತ್ತದೆ. ಎದುರಿಗೆ ಮಾತ್ರ ಅವರು ನಮಗೆ 'ಸಾರ್'.

ಮೇಷ್ಟ್ರು ಸಾಯುವ ಮುಂಚೆ ಕ್ಯಾಮೆರಾ ಮುಂದೆ ಆಡಿದ ಮಾತಿನಲ್ಲಿ ಒಂದು ತುಂಡನ್ನು ಮಾವ ಕತ್ತರಿಸಿದ್ದಾರೆ ಎಂದು ನಿನ್ನೆ ನಮ್ಮ ಅಂಗಡಿಯ ಬಾಗಿಲಲ್ಲೇ ನಿಂತು ಕೂಗಿಹೋಗಿದ್ದರು. ಇವತ್ತು ಸಾಕ್ಷಿಯನ್ನು ಕೈಯಲ್ಲೇ ಹಿಡಿದು ಬಂದಿದ್ದರು.

"ನಾಳೆ ಮೇಷ್ಟ್ರ ನೆನಪಿನ ಸಭೆ. ಅಲ್ಲಿ ನಾನು ಮಾತಾಡಲೇಬೇಕು. ಇದನ್ನೂ ಹೇಳ್ತೀನಿ."

ಮಾವ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಬೇರೆಯವರ ಮಗುವನ್ನು ಎತ್ತಿಕೊಳ್ಳುವ ಹಾಗೆ ಅವರು ಡಿಸ್ಕ್ ಹಿಡಿಯುತ್ತಾರೆ. ಜನ ಇಲ್ಲಿಗೆ ಹಳೇ ಟೇಪುಗಳನ್ನು ತರುತ್ತಾರೆ. ಮದುವೆಗಳು, ಮಕ್ಕಳ ಮೊದಲ ಹೆಜ್ಜೆಗಳು, ಈಗ ಇಲ್ಲದವರ ನಗು. ಯಾರ ಮನೆಯ ಯಾವ ಪ್ಲೇಯರಿನಲ್ಲಾದರೂ ಓಡುವ ಹಾಗೆ ಮಾವ ಅವನ್ನು ಡಿಸ್ಕಿಗೆ ಇಳಿಸಿ ಕೊಡುತ್ತಾರೆ. ಸತ್ತವರ ಮಾತಿಗೆ ಕತ್ತರಿ ಹಾಕುವವನು ಎಂದು ನಾಳೆ ಒಂದು ಸಭೆಯಲ್ಲಿ ಹೇಳಿಬಿಟ್ಟರೆ, ಆಮೇಲೆ ಈ ಬಾಗಿಲಿಗೆ ಯಾರು ಬಂದಾರು?

ಆದರೂ ಆ ಬೆಳಿಗ್ಗೆ ನನಗೆ ಹೆದರಿಕೆ ಆಗಲಿಲ್ಲ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಯಂತ್ರಗಳು ಬೆಚ್ಚಗಿದ್ದವು. ಮೂಲೆಯ ಸ್ಟೂಲಿನ ಮೇಲೆ ಅತ್ತೆ ಮಾವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅತ್ತೆ ನಿವೃತ್ತರಾಗುವವರೆಗೂ ಪೊಲೀಸರ ಪತ್ತೆ ವಿಭಾಗದಲ್ಲಿದ್ದವರು. ಅವರ ಕೈಯಲ್ಲಿ ಸೂಜಿ ಇದೆ ಅಂದರೆ ಕಿವಿ ಕೆಲಸ ಮಾಡುತ್ತಿದೆ ಅಂತ ಅರ್ಥ.

"ಸಾರ್, ಕೂತ್ಕೊಳ್ಳಿ. ನಿಂತು ನೋಡಿದ್ರೂ ಅದೇ ಚಿತ್ರ, ಕೂತು ನೋಡಿದ್ರೂ ಅದೇ ಚಿತ್ರ," ಅಂದರು ಅತ್ತೆ, ತಲೆ ಎತ್ತದೆ.

ಕಮಾನು ಕೂತರು.

ಅಷ್ಟರಲ್ಲಿ ಅಮ್ಮ ಅಂಗಡಿಯ ಹಿಂದಿರುವ ಮನೆಯಿಂದ ಟೀ ತಂದಳು. ಅಮ್ಮ ಮಾವನ ಅಕ್ಕ. ಅಂಗಡಿ ಶುರುವಾದ ಕಾಲದಲ್ಲಿ ಅವಳೂ ಇಲ್ಲೇ ಕೂತು ಕೆಲಸ ಮಾಡುತ್ತಿದ್ದಳಂತೆ. ಈಗ ಟೀ ತರುವುದು, ಮಧ್ಯಾಹ್ನ ವಾಕಿಂಗ್ ಹೊರಟಾಗ ತಯಾರಾದ ಡಿಸ್ಕುಗಳನ್ನು ಮನೆಮನೆಗೆ ತಲುಪಿಸುವುದು, ಇಷ್ಟೇ.

ತಟ್ಟೆಯಲ್ಲಿ ಐದು ಗಾಜಿನ ಲೋಟ. ಐದರಲ್ಲೂ ಟೀ ಒಂದೇ ಗೆರೆಗೆ ನಿಂತಿತ್ತು.

"ಅಕ್ಕಾ, ನಂಗೆ ಅರ್ಧ ಸಾಕು ಅಂತ ಎಷ್ಟು ವರ್ಷದಿಂದ ಹೇಳ್ತಾ ಇದೀನಿ?" ಅಂದರು ಮಾವ.

"ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ನನ್ನ ಕೈಯಲ್ಲಿ ಆಗಲ್ಲಪ್ಪ. ಬೇಡದಿದ್ರೆ ಬಿಡು."

"ಬಿಟ್ರೆ ಬೈತೀಯ."

"ಬೈಯದೆ ಮುತ್ತು ಕೊಡ್ಲಾ?"

ಅಮ್ಮ ಹೊಗೆಯಾಡುವ ಲೋಟವನ್ನು ಎಡಗೈಯ ಬೆರಳ ತುದಿಯಲ್ಲೇ ಹಿಡಿದು ಕಮಾನು ಮುಂದಿಟ್ಟಳು. ಅವರು ಮುಟ್ಟಿ, ಸುಟ್ಟಂತಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಅತ್ತೆಯ ಸೂಜಿ ಒಂದು ಕ್ಷಣ ನಿಂತು ಮತ್ತೆ ನಡೆಯಿತು. ಅಮ್ಮ ಒಳಗೆ ಹೋದಳು.

ಮಾವ ಡಿಸ್ಕನ್ನು ಅಂಗಡಿಯ ಅತಿ ಹಳೆಯ ಪ್ಲೇಯರಿಗೆ ಹಾಕಿದರು. ಇದರಲ್ಲಿ ತಡವರಿಸದೆ ಓಡಿದರೆ ಎಲ್ಲಿ ಬೇಕಾದರೂ ಓಡುತ್ತದೆ ಎಂದು ಅದನ್ನು ಎಸೆಯದೆ ಇಟ್ಟುಕೊಂಡಿದ್ದಾರೆ.

ಪರದೆಯ ಮೇಲೆ ಮೇಷ್ಟ್ರು ಬಂದರು. ಕುರ್ಚಿ, ಹಿಂದೆ ಅರೆಗತ್ತಲ ಗೋಡೆ, ತೊಡೆಯ ಮೇಲೆ ಪಿಟೀಲು. ಯಾರಾದರೂ ಎದುರಿಗಿದ್ದರೆ ಮಾತು ಬರುವುದಿಲ್ಲ ಎಂದು ಅವರು ಹೇಳಿದ್ದರಿಂದ, ಮಾವ ಕ್ಯಾಮೆರಾ ಚಾಲೂ ಮಾಡಿಟ್ಟು ಕೋಣೆಯಿಂದ ಹೊರಗೆ ಹೋಗಿದ್ದರು. ಡಿಸ್ಕ್ ಮಾಡುವಾಗಲೂ ಕೇಳಿಸಿಕೊಳ್ಳಬೇಡ ಎಂದಿದ್ದರಂತೆ. ಮಾವ ಶಬ್ದ ಪೂರ್ತಿ ಇಳಿಸಿಯೇ ಕೆಲಸ ಮುಗಿಸಿದ್ದರು.

ಮೇಷ್ಟ್ರು ತಮ್ಮ ಕಲಿಕೆಯ ದಿನಗಳ ಬಗ್ಗೆ ಹೇಳಿದರು. ಬೆರಳು ನೋಯುತ್ತಿದ್ದ ಬಗ್ಗೆ ಹೇಳಿ ನಕ್ಕರು. ಆಮೇಲೆ ಪಿಟೀಲಿನ ಮೇಲೆ ಕೈಯಿಟ್ಟರು.

"ನನ್ನ ನಂತರ ಇದು ಯಾರ ಕೈಯಲ್ಲಿರಬೇಕು ಅಂತ ಎಲ್ಲರೂ ಕೇಳ್ತೀರಿ. ಹೇಳ್ತೀನಿ."

ತಲೆ ತಗ್ಗಿಸಿದರು. ಮೌನ. ತುಂಬ ಹೊತ್ತು ಮೌನ. ಆಮೇಲೆ ಮುಖ ಮೇಲಾಯಿತು.

"ಇಷ್ಟೇ. ನನ್ನ ಮಾತು ಮುಗೀತು."

"ಕೇಳಿದ್ರಾ?" ಕಮಾನು ಎದ್ದೇಬಿಟ್ಟರು. "ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ರು, ಎಲ್ಲಾ ಹೇಳಿದ್ದೀನಿ, ಡಿಸ್ಕ್ ಬಂದಾಗ ನೋಡು ಅಂತ. ಎಲ್ಲಿದೆ ಎಲ್ಲಾ? ಬಾಯಿ ತೆರೆಯೋದೂ ಇಲ್ಲ ಅಲ್ಲಿ! ಮೂಲ ಟೇಪೂ ನಮಗೆ ಬಂದಿಲ್ಲ."

"ಟೇಪು, ಡಿಸ್ಕು ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿದೀನಿ ಸಾರ್."

"ಲಕೋಟೆಯಲ್ಲಿ ಇದೊಂದೇ ಇತ್ತು. ಯಾರು ಹೇಳಿ ಮಾಡಿಸಿದ್ರು? ಅದನ್ನಾದ್ರೂ ಹೇಳಿ."

ಮಾವ ರಿಮೋಟಿನ ಒಂದು ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಒಂದು ಬಿಳಿ ಪಟ್ಟಿ ಮೂಡಿತು. ಪ್ರತಿ ಕ್ಷಣದ ಚಿತ್ರಕ್ಕೆ ಡಿಸ್ಕಿನಲ್ಲಿ ಎಷ್ಟು ಜಾಗ ಕೊಟ್ಟಿದೆ ಎಂದು ಆ ಪ್ಲೇಯರ್ ಹೀಗೆ ತೋರಿಸುತ್ತದೆ. ಮಾವನ ಡಿಸ್ಕುಗಳಲ್ಲಿ ಅದು ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಇರುತ್ತದೆ.

ಇಲ್ಲಿ ಅದು ಕಂಬದ ಹಾಗೆ ನಿಂತಿತ್ತು. ಮೇಷ್ಟ್ರು ಕೈಯಾಡಿಸಿದಾಗಲೂ ಅಷ್ಟೇ, ಸುಮ್ಮನೆ ಕೂತಾಗಲೂ ಅಷ್ಟೇ.

ಮಾವನ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಅದರ ಹಿಂದೆಯೇ ಇನ್ನೇನೋ ಬಂದು ಹೋಯಿತು. ಅದು ಏನೆಂದು ನನಗಾಗ ಗೊತ್ತಾಗಲಿಲ್ಲ.

"ಇದು ನಾನು ಮಾಡಿದ್ದಲ್ಲ," ಅಂದರು.

"ಲೇಬಲ್ ನಿಮ್ಮದೇ. ಅಕ್ಷರ ನಿಮ್ಮದೇ."

"ಲೇಬಲ್ ನಂದು. ಒಳಗಿರೋ ಬಿಟ್‌ರೇಟ್ ನಂದಲ್ಲ."

"ಏನ್ರೀ ಅದು, ನಮಗೂ ಅರ್ಥ ಆಗೋ ಹಾಗೆ ಹೇಳಿ," ಅಂದರು ಅತ್ತೆ.

"ನೋಡೇ, ಡಿಸ್ಕಿನಲ್ಲಿ ಜಾಗ ಇರೋದೇ ಇಷ್ಟು. ಅದನ್ನ ಚಿತ್ರಕ್ಕೆ ಹಂಚೋ ಲೆಕ್ಕಕ್ಕೆ ಬಿಟ್‌ರೇಟ್ ಅಂತಾರೆ. ಕುಣಿಯೋ ಮಕ್ಕಳಿಗೆ ಜಾಸ್ತಿ ಬೇಕು, ಖಾಲಿ ಗೋಡೆಗೆ ಸ್ವಲ್ಪ ಸಾಕು. ಕಮ್ಮಿ ಆದ್ರೆ ಮುಖ ಎಲ್ಲಾ ಚೌಕ ಚೌಕ ಆಗಿ ಒಡೆಯುತ್ತೆ. ವಿಪರೀತ ಕೊಟ್ರೆ ಹಳೇ ಪ್ಲೇಯರ್ ಏದುಸಿರು ಬಿಡುತ್ತೆ. ಅದಕ್ಕೇ ನಾನು ಯಂತ್ರಕ್ಕೆ ಎರಡು ಸಲ ನೋಡಿಸ್ತೀನಿ. ಮೊದಲ ಸಲ ಯಾರಿಗೆಷ್ಟು ಹಸಿವು ಅಂತ ನೋಡೋಕೆ. ಎರಡನೇ ಸಲ ಬಡಿಸೋಕೆ."

"ಇದರಲ್ಲಿ?"

"ಇದರಲ್ಲಿ ಹಸಿವು ಕೇಳೇ ಇಲ್ಲ. ಎಲ್ಲರ ಎಲೆಗೂ ಒಂದೇ ಸೌಟು. ಕಾನ್‌ಸ್ಟಂಟ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಒತ್ತಿದಾರೆ."

"ಪಾಠ ಚೆನ್ನಾಗಿದೆ," ಅಂದರು ಕಮಾನು. "ನಾವೂ ಮಕ್ಕಳಿಗೆ ಪಾಠ ಹೇಳೋರೇ. ತಪ್ಪು ಸಿಕ್ಕಾಗ ಪಾಠ ಶುರು ಮಾಡೋ ಶಿಷ್ಯರನ್ನ ಬೇಕಾದಷ್ಟು ನೋಡಿದೀನಿ."

ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದರು. "ಆ ಕಪಾಟಿನಲ್ಲಿ ಗಿರಾಕಿಗಳು ಇನ್ನೂ ಒಯ್ಯದ ಡಿಸ್ಕುಗಳಿವೆ ಸಾರ್. ನಿಮ್ಮ ಕೈಯಾರೆ ಯಾವುದಾದ್ರೂ ತೆಗೀರಿ. ಇವರು ಮುಟ್ಟೋದು ಬೇಡ."

ಕಮಾನು ಕಣ್ಣುಮುಚ್ಚಿ ಒಂದನ್ನು ಎಳೆದರು. ಮಕ್ಕಳ ಈಜು ಸ್ಪರ್ಧೆ. ಮಕ್ಕಳು ನೀರಿಗೆ ಹಾರಿದ ತಕ್ಷಣ ಬಿಳಿ ಪಟ್ಟಿ ಚಿಮ್ಮಿತು. ನೀರು ತಿಳಿಯಾದಾಗ ಇಳಿಯಿತು. ಇನ್ನೊಂದನ್ನು ಎಳೆದರು. ಮತ್ತೊಂದು. ಎಲ್ಲದರಲ್ಲೂ ಪಟ್ಟಿ ಆಡುತ್ತಿತ್ತು. ಕಮಾನು ಅವರ ಬೆನ್ನು ತುಸು ಸಡಿಲವಾಯಿತು.

"ಸರಿ. ಇದು ನಿಮ್ಮ ಕೈ ಅಲ್ಲ ಅಂತಾನೇ ಇಟ್ಕೊಳ್ಳೋಣ. ಕತ್ತರಿಸಿದಾರೆ ಅನ್ನೋದಕ್ಕೆ ಏನು ಗುರುತು? ನಾಳೆ ಯಾರಾದ್ರೂ, ಮೇಷ್ಟ್ರು ಸುಮ್ಮನಾದ್ರು, ಯಾರ ಹೆಸರೂ ಹೇಳೋ ಮನಸ್ಸಾಗಲಿಲ್ಲ ಅಂದ್ರೆ?"

ಆ ಕೊನೆಯ ಮಾತು ಹೇಳುವಾಗ ಅವರ ದನಿ ಬೇರೆ ಆಯಿತು. ಅವರಿಗೆ ರಾತ್ರಿ ನಿದ್ದೆ ಕೆಡಿಸುತ್ತಿದ್ದುದು ಇದೇ ಇರಬೇಕು ಅನ್ನಿಸಿತು. ಇಷ್ಟು ವರ್ಷ ಜೊತೆಗಿದ್ದೂ ಗುರುವಿನ ಬಾಯಲ್ಲಿ ತನ್ನ ಹೆಸರು ಬರಲಿಲ್ಲ ಎನ್ನುವುದಕ್ಕಿಂತ, ಯಾರೋ ಕತ್ತರಿಸಿದರು ಎನ್ನುವುದು ಹಗುರ.

"ಮಾವ, ಆ ಮೌನ ಇನ್ನೊಂದು ಸಲ ಹಾಕಿ," ಅಂದೆ.

"ನೋಡಪ್ಪಾ, ನಮ್ಮ ಮೌನಿ ಬಾಯಿ ಬಿಟ್ಟಳು," ಅಂದರು ಅತ್ತೆ. ಕಾಲೇಜು ಮುಗಿಸಿ ಮಾವನ ಜೊತೆ ಕೂತಾಗಿನಿಂದ ಅತ್ತೆಗೆ ನಾನು ಮೌನಿ.

ನನಗೆ ಮೌನಗಳ ಹುಚ್ಚು. ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿದಾಗ ನಾನು ಕಿವಿಗೊಡುತ್ತೇನೆ. ನಿಜವಾದ ಮೌನ ಯಾವತ್ತೂ ಖಾಲಿ ಇರುವುದಿಲ್ಲ. ಅದರಲ್ಲಿ ಫ್ಯಾನ್ ಇರುತ್ತದೆ, ಬೀದಿ ಇರುತ್ತದೆ, ಉಗುಳು ನುಂಗುವ ಸದ್ದು ಇರುತ್ತದೆ.

ಮಾವ ಶಬ್ದ ಜಾಸ್ತಿ ಮಾಡಿದರು. ಮೇಷ್ಟ್ರು ಮಾತಾಡುವಾಗಲೆಲ್ಲ ಅವರ ದನಿಯ ಹಿಂದೆ, ಚೌಕಟ್ಟಿನ ಹೊರಗೆ ಎಲ್ಲೋ, ಒಂದು ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. "ಹೇಳ್ತೀನಿ" ಅಂದರು. ಟಿಕ್. ತಲೆ ತಗ್ಗಿಸಿದರು. ಟಿಕ್.

ಆಮೇಲೆ ಇಲ್ಲ.

"ಗಡಿಯಾರ ಎಲ್ಲಿ ಹೋಯ್ತು?" ಅಂದೆ.

ಪರದೆಯ ಮೇಲೆ ಮೇಷ್ಟ್ರು ಮುಖ ಎತ್ತಿದರು. ಟಿಕ್ ಟಿಕ್ ವಾಪಸ್ ಬಂತು.

ಕಮಾನು ಮೆಲ್ಲಗೆ, "ಮೇಷ್ಟ್ರ ಅಪ್ಪನ ಕಾಲದ ಗಡಿಯಾರ ಅದು. ಅದರ ಸದ್ದಿಗೆ ನಾವು ಪಿಟೀಲು ಕಲ್ತಿದ್ದು. ನಂಗೆ ಗೊತ್ತಾಗಲೇ ಇಲ್ವಲ್ಲ," ಅಂದರು.

"ದಿನಾ ಕೇಳಿದ್ದು ಕಿವಿಗೆ ಬೀಳಲ್ಲ ಸಾರ್," ಅಂದ ಅತ್ತೆ ಮಾವನ ಕಡೆ ತಿರುಗಿದರು. "ಕಿವಿ ಹೇಳಿದ್ದನ್ನ ಕಣ್ಣಿಗೆ ತೋರಿಸೋಕಾಗುತ್ತಾ?"

"ಆಗುತ್ತೆ. ಈ ಡಿಸ್ಕಿನ ಚಿತ್ರಾನೇ ತಗೊಂಡು ನನ್ನ ರೀತೀಲಿ ಮತ್ತೆ ಇಳಿಸ್ತೀನಿ. ಎರಡು ಸಲ ನೋಡಿಸಿ. ಹಸಿವೆಷ್ಟು ಅಂತ ಅದೇ ಹೇಳುತ್ತೆ."

ಯಂತ್ರ ಮೊದಲ ಸಲ ನೋಡತೊಡಗಿತು. ಕಾಯುವುದೇ ಕೆಲಸ. ಅತ್ತೆ ಇನ್ನೊಂದು ಗುಂಡಿ ಹುಡುಕಿದರು. ಕಮಾನು ತಣ್ಣಗಾದ ಟೀಯನ್ನು ಪೂರ್ತಿ ಕುಡಿದರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಎದುರಾಳಿಗಳಾಗಿ ಕೂತ ನಾವು ನಾಲ್ವರೂ ಆ ಹೊತ್ತಿನಲ್ಲಿ ಒಂದೇ ಮನೆಯವರ ಹಾಗಿದ್ದೆವು.

"ಮೇಷ್ಟ್ರಿಗೂ ಹೀಗೇ," ಅಂದರು ಕಮಾನು ಇದ್ದಕ್ಕಿದ್ದಂತೆ. "ಏನೇ ನುಡಿಸಿದ್ರೂ ಮೊದಲ ಸಲ ಬರೀ ಕೇಳೋರು. ಎರಡನೇ ಸಲಾನೇ ಬೈಯೋರು."

ಮಾವ ನಕ್ಕರು. ಹೊಸ ಡಿಸ್ಕು ಬೆಚ್ಚಗೆ ಹೊರಬಂತು. ಹಳೇ ಪ್ಲೇಯರಿಗೆ ಹಾಕಿದರು.

ಮೇಷ್ಟ್ರು ಕೈಯಾಡಿಸಿದಾಗ ಪಟ್ಟಿ ಎದ್ದಿತು. ನಕ್ಕಾಗ ಇನ್ನೂ ಸ್ವಲ್ಪ. ಮಾತಿನ ನಡುವೆ ಅವರು ನೆನಪಿಗಾಗಿ ತಡಕಾಡುತ್ತಾ ಸುಮ್ಮನೆ ಕೂತಾಗ ಇಳಿಯಿತು, ಆದರೆ ಮಿಸುಕಾಡುತ್ತಲೇ ಇತ್ತು. ಹಿಂದಿನ ಗೋಡೆಯ ಕತ್ತಲಲ್ಲಿ ಸಣ್ಣ ಹುಳ ಹರಿದಾಡಿದಂಥ ಕಣಗಳು, ಅಂಗಿಯ ಕೆಳಗೆ ಏಳುವ ಎದೆ.

"ಹೇಳ್ತೀನಿ."

ತಲೆ ತಗ್ಗಿದ ಮೇಲೆ ಪಟ್ಟಿ ಕುಸಿದು ನೆಲ ಕಚ್ಚಿತು. ಮಿಸುಕಾಟವೂ ಇಲ್ಲ.

"ಉಸಿರಾಡೋ ಮನುಷ್ಯನಿಗೆ ಇಷ್ಟಾದ್ರೂ ಬೇಕು ಸಾರ್," ಮಾವ ಹೆಬ್ಬೆರಳು ತೋರುಬೆರಳ ನಡುವೆ ಒಂದು ಅಂತರ ಹಿಡಿದು ತೋರಿಸಿದರು. "ಇಲ್ಲಿ ಅಷ್ಟೂ ಬೇಡ ಅಂತಿದೆ. ಇದು ಮನುಷ್ಯ ಅಲ್ಲ, ಫೋಟೋ. ಒಂದೇ ಚಿತ್ರಾನ ನಿಲ್ಲಿಸಿ ಇಟ್ಟಿದಾರೆ."

ಕಮಾನು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. "ಹಾಗಾದ್ರೆ ಮೇಷ್ಟ್ರು ಸುಮ್ಮನಾಗಲಿಲ್ಲ. ಹೇಳಿದಾರೆ."

"ಹೇಳಿದಾರೆ."

"ನನ್ನನ್ನ ಕ್ಷಮಿಸಿ. ನಾಳೆ ನಿಮ್ಮ ಹೆಸರು ಎತ್ತಲ್ಲ. ಆದ್ರೆ ಮಾಡಿದೋರ ಹೆಸರು ನಂಗೆ ಬೇಕು."

ಕ್ಷಮೆ ಕೇಳಿಸಿಕೊಂಡು ಮಾವನಿಗೆ ಖುಷಿಯಾಗಬೇಕಿತ್ತು. ಅವರು ರಿಮೋಟನ್ನು ಒರೆಸುತ್ತಾ ಕೂತಿದ್ದರು.

"ಈ ಲೇಬಲ್ ಮೇಲೆ ಅವಧಿ ಬರೆದಿದೀರಲ್ಲ," ಅಂದರು ಅತ್ತೆ ಡಿಸ್ಕಿನ ಪೊಟ್ಟಣ ತಿರುಗಿಸುತ್ತಾ, "ಅದು ಮೂಲ ಟೇಪಿನದಾ?"

"ಹೂಂ."

"ಈ ಡಿಸ್ಕೂ ಸರಿಯಾಗಿ ಅಷ್ಟೇ ಇದೆ. ಅಂದ್ರೆ ತೆಗೆದಷ್ಟನ್ನೇ ಅಳೆದು ತುಂಬಿದಾರೆ. ಒಂದು ತೊಟ್ಟು ಹೆಚ್ಚಿಲ್ಲ, ಕಮ್ಮಿ ಇಲ್ಲ." ಅತ್ತೆ ನನ್ನನ್ನು ನೋಡಿದರು. "ಏನೇ ಮೌನಿ, ಒಂದು ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕು?"

"ಒಂದು ಉಸಿರು."

"ಈ ಮೌನ ಎಷ್ಟು ಉದ್ದ ಇದೆ ನೋಡು. ಹೆಸರಿನ ಬೆನ್ನಿಗೆ ಮೇಷ್ಟ್ರು ಇನ್ನೂ ಏನೋ ಹೇಳಿದಾರೆ." ಮತ್ತೆ ಮಾವನ ಕಡೆ ತಿರುಗಿದರು. ದನಿ ಮನೆಯದಾಗಿರಲಿಲ್ಲ, ಠಾಣೆಯದು. "ಈ ಯಂತ್ರ ಮುಟ್ಟೋರು ಯಾರ್ಯಾರು?"

"ನಾನು. ಇವಳು."

"ಆಮೇಲೆ?"

ಮಾವನ ಕಣ್ಣು ಮೇಜಿನ ಮೇಲಿತ್ತು. ನಾನೂ ಅಲ್ಲೇ ನೋಡಿದೆ. ಕಮಾನು ಅವರ ಲೋಟವೊಂದನ್ನು ಬಿಟ್ಟು ಉಳಿದವನ್ನು ಯಾರೂ ಮುಟ್ಟಿರಲಿಲ್ಲ. ಆ ನಾಲ್ಕರಲ್ಲೂ ಟೀ ಒಂದೇ ಗೆರೆಗೆ ನಿಂತಿತ್ತು.

ಎಲ್ಲರ ಎಲೆಗೂ ಒಂದೇ ಸೌಟು.

ಡಿಸ್ಕುಗಳನ್ನು ಮನೆಮನೆಗೆ ತಲುಪಿಸುವವರು ಯಾರು? ಲಕೋಟೆ ಇಲ್ಲಿಂದ ಮೇಷ್ಟ್ರ ಮನೆಗೆ ಹೋದದ್ದು ಯಾರ ಕೈಯಲ್ಲಿ?

"ನಾನೇ," ಅಂದರು ಮಾವ ಥಟ್ಟನೆ. "ನಾನೇ ಕತ್ತರಿಸಿದ್ದು ಸಾರ್. ಇಷ್ಟು ಹೊತ್ತು ಆಡಿದ್ದೆಲ್ಲ ಸುಳ್ಳು. ನಾಳೆ ಹೇಳ್ಬಿಡಿ."

ಕಮಾನು ಬಾಯಿ ತೆರೆದು ಕೂತರು. "ಈಗ ತಾನೇ ನಿಮ್ಮ ಕೈ ಅಲ್ಲ ಅಂತ ತೋರಿಸಿದ್ರಲ್ರೀ!"

"ರೀ, ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಮದುವೆಯಾದ ವಾರದಲ್ಲೇ ಕಂಡ್ಕೊಂಡಿದೀನಿ," ಅಂದರು ಅತ್ತೆ. ಮೆತ್ತಗೆ ಅಂದರು.

"ಅವನಿಗೆ ಎರಡು ಸಲ ನೋಡದೆ ಏನೂ ಮಾಡೋಕೆ ಬರಲ್ಲ."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಲೋಟ ತೆಗೆದುಕೊಂಡು ಹೋಗಲು ಬಂದವಳು. ಪರದೆಯ ಮೇಲೆ ನಿಂತುಹೋದ ಮೇಷ್ಟ್ರನ್ನೂ ನೆಲ ಕಚ್ಚಿದ ಪಟ್ಟಿಯನ್ನೂ ನೋಡಿದಳು.

"ನಂಗೆ ಅಷ್ಟು ತಾಳ್ಮೆ ಇಲ್ಲ. ಮೊದಲಿಂದಲೂ ಒಂದೇ ಸಲಕ್ಕೆ ಮುಗಿಸೋದು ನಾನು," ಅಂದಳು. "ಅಲ್ಲೇ ಸಿಕ್ಕಿಬಿದ್ದೆ ಅಲ್ವಾ?"

"ಅಕ್ಕಾ, ಒಳಗೆ ಹೋಗು," ಅಂದರು ಮಾವ.

"ನೀನು ಸುಮ್ಮನಿರು. ನನ್ನ ತಪ್ಪಿಗೆ ನಿನ್ನ ಅಂಗಡಿ ಯಾಕೆ ಮುಚ್ಚಬೇಕು?"

ಅತ್ತೆ ಎದ್ದು ಹೋಗಿ ಅಮ್ಮನ ಎಡಗೈಯನ್ನು ತಮ್ಮ ಕೈಗೆ ತೆಗೆದುಕೊಂಡು ಬೆರಳುಗಳನ್ನು ಮಗುಚಿದರು. ತುದಿಗಳು ಜಡ್ಡುಗಟ್ಟಿದ್ದವು. ಒಲೆ, ಪಾತ್ರೆ, ಸುಡುವ ಲೋಟ ಎಂದು ನಾನು ಹುಟ್ಟಿದಾಗಿನಿಂದ ಅಂದುಕೊಂಡು ಬಂದ ಬೆರಳುಗಳು. ಬಲಗೈ ನೋಡಿದೆ. ಅದು ಮೆತ್ತಗಿತ್ತು.

"ಪಿಟೀಲಿನ ತಂತಿ ಒತ್ತೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು ಅತ್ತಿಗೆ?"

"ಮದುವೆಗೆ ಮುಂಚೆ ಶುರುವಾಗಿದ್ದು. ಬಿಟ್ಟಿದ್ದೆ. ಇವಳು ಶಾಲೆಗೆ ಹೋಗೋಕೆ ಶುರು ಮಾಡಿದ ಮೇಲೆ ಮತ್ತೆ ಹೋದೆ. ಮಧ್ಯಾಹ್ನದ ಹೊತ್ತು, ಬೇರೆ ಶಿಷ್ಯರು ಇಲ್ಲದಾಗ."

ಅಮ್ಮನ ವಾಕಿಂಗ್! ಒಂದು ದಿನವಾದರೂ ಜೊತೆಗೆ ಬರಲಾ ಎಂದು ನಾನು ಕೇಳಿರಲಿಲ್ಲ.

"ಅಲ್ಲಿ ಮೇಷ್ಟ್ರು ಹೇಳಿದ್ದು ಯಾರ ಹೆಸರು?" ಕಮಾನು ಕೇಳಿದರು. ಉತ್ತರ ಆಗಲೇ ಗೊತ್ತಿದ್ದವರ ದನಿ.

"ನಂದು," ಅಂದಳು ಅಮ್ಮ. "ಪಿಟೀಲು ನಂಗೆ ಬೇಡ. ನಿಮಗೇ ಸೇರಬೇಕಾದ್ದು, ಇಷ್ಟು ವರ್ಷ ಪಾಠಶಾಲೆ ನಡೆಸಿದೋರು ನೀವು. ತಲುಪಿಸೋಕೆ ಹೋಗೋ ಮುಂಚೆ ಡಿಸ್ಕ್ ಹಾಕಿ ಕೇಳಿದೆ. ಕೇಳಬಾರದಿತ್ತು."

"ಟೇಪ್ ಎಲ್ಲಿದೆ?" ಅಂದರು ಅತ್ತೆ.

ಅಮ್ಮ ಸೆರಗಿನೊಳಗಿಂದ ಟೇಪನ್ನು ತೆಗೆದು ಮೇಜಿನ ಮೇಲೆ, ಲೋಟಗಳ ನಡುವೆ ಇಟ್ಟಳು. ಮನೆಯೊಳಗಿಂದ ಎಲ್ಲವನ್ನೂ ಕೇಳಿಸಿಕೊಂಡೇ ಅದನ್ನು ತಂದಿದ್ದಳು. ಇಟ್ಟಳು, ಆದರೆ ಕೈ ತೆಗೆಯಲಿಲ್ಲ.

"ನನ್ನ ಹೆಸರಷ್ಟೇ ಆಗಿದ್ರೆ ಇಷ್ಟೆಲ್ಲ ಮಾಡ್ತಿರಲಿಲ್ಲ ಸಾರ್. ಬೇಡ ಅಂತ ನಿಮ್ಮ ಕೈಗೆ ಕೊಟ್ಟು ಸುಮ್ಮನಾಗ್ತಿದ್ದೆ. ಹೆಸರಾದ ಮೇಲೆ ಮೇಷ್ಟ್ರು ನಿಮ್ಮ ಬಗ್ಗೆ ಒಂದು ಮಾತು ಹೇಳಿದಾರೆ."

ಕಮಾನು ಅವರ ಬೆನ್ನು ಮತ್ತೆ ಬಿಗಿಯಿತು. "ನನ್ನ ಬಗ್ಗೆ?"

"ಕತ್ತರಿಸಿದ್ದು ಅದಕ್ಕೆ. ಈಗ ಹಾಕಿಸೋದು ಬಿಡೋದು ನಿಮಗೆ ಸೇರಿದ್ದು."

ಮಾವ ರಿಮೋಟನ್ನು ಕೆಳಗಿಟ್ಟರು. ಕಮಾನು ಟೇಪನ್ನೇ ನೋಡುತ್ತಿದ್ದರು. ಆಮೇಲೆ ಕ್ಲಾಸಿನ ಕೊನೆಯ ಸಾಲಿನ ಹುಡುಗನ ದನಿಯಲ್ಲಿ ಕೇಳಿದರು:

"ಒಳ್ಳೇ ಮಾತಾ?"

ಯಾರಿಗೂ ಹೆಚ್ಚುಕಮ್ಮಿ ಮಾಡದ ನನ್ನ ಅಮ್ಮ, ಎಲ್ಲರಿಗೂ ಅಳೆದು ಉತ್ತರ ಕೊಡುವ ನನ್ನ ಅಮ್ಮ, ಏನೂ ಹೇಳಲಿಲ್ಲ.

ನಾನು ಕಿವಿಗೊಟ್ಟೆ. ಇದು ಕತ್ತರಿಸಿ ತುಂಬಿದ ಮೌನವಾಗಿರಲಿಲ್ಲ. ಯಂತ್ರ ಗುಂಯ್ ಅನ್ನುತ್ತಿತ್ತು, ಬೀದಿಯಲ್ಲಿ ಯಾರೋ ನಕ್ಕರು, ಐದು ಜನ ಉಸಿರಾಡುತ್ತಿದ್ದರು.

ಕಮಾನು ಕೈ ಚಾಚಿದರು. ಅಮ್ಮನ ಬೆರಳುಗಳು ಟೇಪನ್ನು ಬಿಡಲಿಲ್ಲ.